ತುಕ್ಕಿನಡಿಯ ಅಳತೆಗಳು

ನಟ್ಟು ಬೋಲ್ಟುಗಳನ್ನು ಬಿಗಿಯಲು, ಬಿಚ್ಚಲು ಬಳಸುವ ಕೈಸಲಕರಣೆಯೇ ಪಾನಾ. ಗ್ಯಾರೇಜಿನವರ ಬಾಯಲ್ಲಿ ಅದು ಸ್ಪ್ಯಾನರ್. ಬಾಯಿ ಹಿಗ್ಗಿಸಿ ಕುಗ್ಗಿಸುವಂಥದಾದರೆ ರಿಂಚು. ಹಳೆಯ ಪಾನಾ, ಉಳಿ, ಸುತ್ತಿಗೆಗಳನ್ನು ಹುಡುಕಿ, ಗುರುತು ಹಿಡಿದು ಕಾಪಿಡುವವರಿಗೆ ಇಂಗ್ಲೆಂಡ್, ಅಮೆರಿಕಗಳಲ್ಲಿ ಸಂಘಗಳೇ ಇವೆ. ಕೋಲಾರ ಸೀಮೆಯಲ್ಲಿ ಇವು ಸಿಗುವುದು ಮನೆಯ ಅಟ್ಟದಲ್ಲಿ, ಪಂಪ್‌ಹೌಸಿನ ಮೂಲೆಯಲ್ಲಿ, ಗುಜರಿ ಅಂಗಡಿಯ ರಾಶಿಯಲ್ಲಿ. ಗುಜರಿಯಲ್ಲಿ ಅವಕ್ಕಿರುವುದು ತೂಕದ ಬೆಲೆ ಮಾತ್ರ. ಆದರೆ ಚಿನ್ನದ ಗಣಿ, ನೀರಾವರಿ ಬಾವಿ, ಕಲ್ಲುಕೆಲಸ ಮೂರೂ ಕೂಡಿದ ಈ ಸೀಮೆಯಷ್ಟು ಬಗೆಬಗೆಯ ಸಲಕರಣೆಗಳನ್ನು ಉಳಿಸಿಕೊಂಡಿರುವ ಬಯಲುನಾಡು ಅಪರೂಪ.

ಗಣಿಯಿಂದಲೇ ಶುರುಮಾಡಬೇಕು. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಇಲ್ಲಿಗೆ ಬಂದ ಮೇಲೆ ಯಂತ್ರಗಳ ಜೊತೆಗೆ ಬ್ರಿಟಿಷ್ ಅಳತೆಯೂ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ (ಕೆಜಿಎಫ್) ತಲುಪಿತು. ಆಗಿನ ಬ್ರಿಟಿಷ್ ಯಂತ್ರಗಳ ಬೋಲ್ಟಿನ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಜೋಸೆಫ್ ವಿಟ್ವರ್ತ್ 1841ರಲ್ಲಿ ಗೊತ್ತುಪಡಿಸಿದ್ದು. ಅದರ ಕೋನ 55 ಡಿಗ್ರಿ. ಈಗಿನ ಮೆಟ್ರಿಕ್ ಮರೆಯ ಕೋನ 60.

ವಿಟ್ವರ್ತ್ ಪಾನಾವನ್ನು ಓದಲು ಒಂದು ಗುಟ್ಟು ತಿಳಿದಿರಬೇಕು. ತುಕ್ಕು ಒರೆಸಿದಾಗ ಹಿಡಿಯ ಮೇಲೆ 1/2 ಎಂಬ ಅಂಕಿ, ಪಕ್ಕದಲ್ಲಿ ಡಬ್ಲ್ಯೂ ಅಕ್ಷರ ಕಾಣುತ್ತದೆ. ಬಾಯಿ ಅಳೆದರೆ ಅರ್ಧ ಅಂಗುಲ ಇರುವುದಿಲ್ಲ, ಸುಮಾರು 23 ಮಿಲಿಮೀಟರ್ ಇರುತ್ತದೆ. ಅಂಕಿ ಹೇಳುವುದು ಬೋಲ್ಟಿನ ದಪ್ಪವನ್ನು, ಪಾನಾದ ಬಾಯಿಯನ್ನಲ್ಲ. ಮೆಟ್ರಿಕ್ ಪಾನಾದ ಮೇಲಿನ ಅಂಕಿ ಬಾಯಿಯ ಅಗಲವನ್ನೇ ಹೇಳುತ್ತದೆ. ಭಾರತ 1956ರ ಕಾಯ್ದೆಯಿಂದ ಮೆಟ್ರಿಕ್ ಅಳತೆಯತ್ತ ಹೊರಳಿತು. ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದದ್ದೂ ಅದೇ ವರ್ಷ. ಮುಂದೆ ಹಳೆಯ ಬೋಲ್ಟುಗಳು ಸವೆದು ಹೋದಂತೆಲ್ಲ ಅವುಗಳ ಪಾನಾಗಳು ಕೆಲಸವಿಲ್ಲದೆ ಮೂಲೆ ಸೇರಿದವು. ಗಣಿಯೂ 2001ರ ಫೆಬ್ರವರಿ 28ರಂದು ಮುಚ್ಚಿತು. ಹಾಗೆಂದು ಈ ಸೀಮೆಯ ಡಬ್ಲ್ಯೂ ಗುರುತಿನ ಪಾನಾಗಳೆಲ್ಲ ಗಣಿಯವು ಎಂದುಕೊಳ್ಳಬಾರದು. ತೋಟದ ಆಯಿಲ್ ಇಂಜಿನ್ನಿಗೂ ಅದೇ ಮರೆಯೇ ಇತ್ತು.

ಬಾವಿಯ ಸಲಕರಣೆಗಳದು ಬೇರೆಯೇ ಸಂಸಾರ. ಮುಳಬಾಗಿಲು, ಶ್ರೀನಿವಾಸಪುರದ ತೆರೆದ ಬಾವಿಗಳಲ್ಲಿ ಮೊದಲು ಎತ್ತಿನ ಕಪಿಲೆ. ಅದರ ಬಾನಿ, ರಾಟೆ, ತೊಗಲಿನ ಮಿಣಿಗಳಲ್ಲಿ ಹೆಚ್ಚಾಗಿ ಉಳಿದಿರುವುದು ರಾಟೆ, ಅದೂ ಹಗ್ಗ ಉಜ್ಜಿ ಉಜ್ಜಿ ಅಂಚು ಸವೆದದ್ದು. ಆಮೇಲೆ ಇಂಜಿನ್, ಕರೆಂಟಿನ ಮೋಟರು, ಕೊಳವೆಬಾವಿ. ನೀರು ಆಳಕ್ಕೆ ಇಳಿದಂತೆ ಪೈಪಿನ ಕೆಲಸ ಹೆಚ್ಚಿತು, ಪೈಪ್ ರಿಂಚು ಮನೆಮನೆಯ ಸಲಕರಣೆಯಾಯಿತು. ಅಮೆರಿಕದ ಡೇನಿಯಲ್ ಸ್ಟಿಲ್ಸನ್ 1869ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಮೇಲಿನ ದವಡೆಯನ್ನು ಬೇಕೆಂದೇ ಸಡಿಲ ಬಿಟ್ಟಿರುವುದರಲ್ಲೇ ಇದರ ಜಾಣತನವಿದೆ. ಹಿಡಿಯನ್ನು ಎಳೆದಷ್ಟೂ ದವಡೆ ವಾಲಿ, ಹಲ್ಲುಗಳು ದುಂಡು ಪೈಪನ್ನು ಇನ್ನಷ್ಟು ಕಚ್ಚುತ್ತವೆ. ಹಳೆಯ ರಿಂಚಿನ ಹಿಡಿ ಬಾಗಿದ್ದರೆ ಯಾರೋ ಅದಕ್ಕೆ ಉದ್ದದ ಪೈಪು ತೊಡಿಸಿ, ಮೈಭಾರ ಹಾಕಿ ಎಳೆದಿದ್ದಾರೆಂದು ಅರ್ಥ. ಆಳದ ಪೈಪು ಕಚ್ಚಿಕೊಂಡಾಗ ಬೇರೆ ದಾರಿಯೂ ಇರುತ್ತಿರಲಿಲ್ಲ. ಸಂಗ್ರಾಹಕರು ಇಂಥ ಬಾಗನ್ನು ನೆಟ್ಟಗೆ ಮಾಡಲು ಹೋಗಬಾರದು.

ಎಲ್ಲಕ್ಕಿಂತ ಹಳೆಯದು, ಇಂದಿಗೂ ಜೀವಂತವಾಗಿರುವುದು ಕಲ್ಲಿನ ಕೆಲಸ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಇಲ್ಲಿನ ಉಳಿಗಳನ್ನು ಅಂಗಡಿಯಿಂದ ತಂದ ವಸ್ತುವಿನಂತೆ ನೋಡಲಾಗದು. ಪ್ರತಿಯೊಂದೂ ಕುಲುಮೆಯಲ್ಲಿ ಮತ್ತೆ ಮತ್ತೆ ಹುಟ್ಟಿದ್ದು. ಗಟ್ಟಿಕಲ್ಲಿಗೆ ಮೊನೆ ಬೇಗ ಮೊಂಡಾಗುತ್ತದೆ. ಆಗ ಉಳಿಯನ್ನು ಕೆಂಪಗೆ ಕಾಯಿಸಿ, ಬಡಿದು ಮೊನೆ ತೆಗೆದು, ತುದಿಯನ್ನಷ್ಟೇ ನೀರಿಗೆ ಅದ್ದುತ್ತಾರೆ. ಹಿಂದೆ ಉಳಿದ ಕಾವು ಮೊನೆಯತ್ತ ಹರಿಯುವಾಗ ಉಕ್ಕಿನ ಬಣ್ಣ ಒಣಹುಲ್ಲಿನ ಹಳದಿಯಿಂದ ನೀಲಿಗೆ ತಿರುಗುತ್ತದೆ. ಯಾವ ಬಣ್ಣದಲ್ಲಿ ಪೂರ್ತಿ ಮುಳುಗಿಸಬೇಕೆಂದು ಕಣ್ಣೇ ಹೇಳಬೇಕು. ಗಡಸು ಹೆಚ್ಚಾದರೆ ಮೊನೆ ಸಿಡಿಯುತ್ತದೆ, ಕಡಿಮೆಯಾದರೆ ಮಡಚಿಕೊಳ್ಳುತ್ತದೆ. ಪ್ರತಿ ಹದಕ್ಕೂ ಉಳಿ ಕೊಂಚ ಗಿಡ್ಡವಾಗುತ್ತದೆ. ತಲೆ ಅಣಬೆಯಂತೆ ಹರಡಿ, ಗೇಣಿಗಿಂತ ಚಿಕ್ಕದಾದ ತುಂಡು ಸಿಕ್ಕರೆ ಅದನ್ನು ಮುರುಕಲೆಂದು ಬಿಸಾಡಬಾರದು. ಒಂದು ಉಳಿಯ ಪೂರ್ತಿ ಆಯುಸ್ಸು ಅದರಲ್ಲಿದೆ.

ಬಂಡೆ ಸೀಳುವ ಬೆಣೆಗಳೂ ಈ ಗುಂಪಿನವೇ. ಸಾಲಾಗಿ ಗುಳಿ ಕೊರೆದು, ಬೆಣೆ ಕೂಡಿಸಿ, ಒಂದಾದ ಮೇಲೊಂದನ್ನು ಸಮನಾಗಿ ಬಡಿದರೆ ಕಲ್ಲು ಗೆರೆ ಹಿಡಿದು ಬಿಡುತ್ತದೆ. ಬೆಣೆ ಸಿಕ್ಕ ಜಾಗದಲ್ಲಿ ಆ ಗುಳಿಗಳ ಚಿತ್ರವನ್ನೂ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಬೇಸಾಯದ ಸಲಕರಣೆಗಳ ದೊಡ್ಡ ಸಂಗ್ರಹವಿದೆ. ನೇಗಿಲು ಕೂರಿಗೆಗಳಂತೆ ಪಾನಾ, ರಿಂಚುಗಳೂ ಊರಿನ ಚರಿತ್ರೆಯೇ. ಅವಕ್ಕೂ ಅಂಥ ಜಾಗ ಸಿಗಬೇಕು.

ಶುಚಿ ಮಾಡುವಾಗ ಅವಸರ ಸಲ್ಲದು. ಎರಡು ಮೂರು ದಿನ ಸೀಮೆಎಣ್ಣೆಯಲ್ಲಿ ನೆನೆಸಿ, ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜಿದರೆ ಸಡಿಲ ತುಕ್ಕು ಹೋಗುತ್ತದೆ. ಗ್ರೈಂಡರ್ ಹಿಡಿದರೆ ಮೊದಲು ಅಳಿಯುವುದು ಆ ಸಣ್ಣ ಅಂಕಿ, ಕಂಪನಿಯ ಹೆಸರು. ಕಬ್ಬಿಣಕ್ಕೆ ತೆಳುವಾಗಿ ಇಂಜಿನ್ ಆಯಿಲ್, ಮರದ ಕಾವಿಗೆ ಅಗಸೆ ಎಣ್ಣೆ ಸಾಕು. ಕೊನೆಗೆ ಒಂದು ಚೀಟಿ: ಎಲ್ಲಿ ಸಿಕ್ಕಿತು, ಯಾವ ಕೆಲಸಕ್ಕೆ ಬಳಸುತ್ತಿದ್ದರು, ಬಳಸಿದವರು ಅದನ್ನು ಏನೆಂದು ಕರೆಯುತ್ತಿದ್ದರು. ತೆಲುಗು, ತಮಿಳು, ಕನ್ನಡ ಬೆರೆತ ಈ ಗಡಿಸೀಮೆಯಲ್ಲಿ ಒಂದೇ ಸಲಕರಣೆಗೆ ಊರಿಗೊಂದು ಹೆಸರಿರುತ್ತದೆ. ಆ ಹೆಸರನ್ನು ಹೇಳಿದವರ ಉಚ್ಚಾರದಲ್ಲೇ ಬರೆದು, ದಾರದಿಂದ ಹಿಡಿಗೆ ಕಟ್ಟಬೇಕು.