ಆರೈಕೆ ಮಾಡುವವರ ಮನಸ್ಸಿಗೂ ಆರೈಕೆ ಬೇಕು

ಆಸ್ಪತ್ರೆಯಲ್ಲಿ ನರ್ಸ್ ಸಿಡುಕಿದರೆ, ಡಾಕ್ಟರು ಮುಖ ಕೊಟ್ಟು ಮಾತನಾಡದಿದ್ದರೆ ನಿಮಗೆ ಬೇಸರವಾಗುವುದು ಸಹಜ. ಆದರೆ ಹಿಂದಿನ ರಾತ್ರಿ ಅದೇ ವಾರ್ಡಿನಲ್ಲಿ ಒಂದು ಮಗು ಅವರ ಕಣ್ಣೆದುರೇ ತೀರಿಕೊಂಡಿರಬಹುದು. ನುಂಗಿಕೊಂಡ ಆ ದುಃಖವೇ ಎಷ್ಟೋ ಸಲ ಮುಂದಿನ ರೋಗಿಯ ಮೇಲೆ ಒರಟು ಮಾತಾಗಿ ಬೀಳುತ್ತದೆ.

ಹಂಗೇರಿಯಲ್ಲಿ ಹುಟ್ಟಿದ ಮನೋವಿಶ್ಲೇಷಕ ಮೈಕೆಲ್ ಬಾಲಿಂಟ್ 1950ರ ದಶಕದಲ್ಲಿ ಲಂಡನ್ನಿನಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಕುಟುಂಬ ವೈದ್ಯರ ಸಣ್ಣ ಗುಂಪು ನಿಯಮಿತವಾಗಿ ಸೇರುತ್ತಿತ್ತು. ಇಂದು ಹಲವು ದೇಶಗಳಲ್ಲಿ ಇಂಥ ‘ಬಾಲಿಂಟ್ ಗುಂಪು’ಗಳಿವೆ. ಒಬ್ಬರು ತಮ್ಮನ್ನು ಕಾಡುತ್ತಿರುವ ರೋಗಿಯೊಬ್ಬರ ಬಗ್ಗೆ ಕೇಸ್ ಶೀಟ್ ನೋಡದೆ ಹೇಳುತ್ತಾರೆ. ಆ ರೋಗಿಗೆ ಏನನ್ನಿಸಿರಬಹುದು, ವೈದ್ಯರಿಗೆ ಏನನ್ನಿಸಿತು ಎಂದು ಉಳಿದವರು ಯೋಚಿಸುತ್ತಾರೆ. ಗುಂಪು ನಡೆಸುವವರು ಪಾಠ ಹೇಳುವುದಿಲ್ಲ. ಯಾರೂ ತಪ್ಪು ಹುಡುಕದಂತೆ, ಆಡಿದ ಮಾತು ಹೊರಗೆ ಹೋಗದಂತೆ ನೋಡಿಕೊಳ್ಳುವುದೇ ಅವರ ಕೆಲಸ.

ಇದರಿಂದ ಸಿಬ್ಬಂದಿಯ ಕೊರತೆ ನೀಗದು, ನಿಜ. ಆದರೆ ಮನಸ್ಸು ಹಗುರಾದವರು ರೋಗಿಯ ಮಾತಿಗೆ ಕಿವಿಗೊಡಬಲ್ಲರು.

ನಿಮ್ಮ ಮನೆಯಲ್ಲಿ ನರ್ಸೋ ಡಾಕ್ಟರೋ ಇದ್ದರೆ, ಡ್ಯೂಟಿ ಮುಗಿಸಿ ಬಂದವರಿಗೆ ಬುದ್ಧಿ ಹೇಳಬೇಡಿ, ಹೇಳಿಕೊಂಡರೆ ಸುಮ್ಮನೆ ಕೇಳಿಸಿಕೊಳ್ಳಿ. ನಿದ್ರೆ ಬಾರದಿರುವುದು, ಅಳು, ಜಿಗುಪ್ಸೆ ಎರಡು ವಾರ ಮೀರಿದರೆ ಮನೋವೈದ್ಯರನ್ನು ಕಾಣಿಸಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416 ಹಗಲೂ ರಾತ್ರಿಯೂ ಲಭ್ಯ.