ರವೀಂದ್ರರ ಹೆಸರಿಲ್ಲದ ಮರಗಳು

ವಯಸ್ಸು ಅರುವತ್ತನ್ನು ದಾಟಿ, ನೊಬೆಲ್ ಬಹುಮಾನದ ಕೀರ್ತಿಯೂ ಹಳೆಯದಾಗಿ, ಹೇಳಬೇಕಾದುದನ್ನೆಲ್ಲ ಪದ್ಯ ಗದ್ಯ ಗಾನಗಳಲ್ಲಿ ಹೇಳಿ ಮುಗಿಸಿರುವರೆಂದು ಲೋಕವು ನಂಬಿದ್ದ ಕಾಲದಲ್ಲಿ, ರವೀಂದ್ರನಾಥ ಠಾಕೂರರು ಬಾಲ್ಯದ ಅಲ್ಪಸ್ವಲ್ಪ ಪಾಠಗಳನ್ನು ಬಿಟ್ಟರೆ ಕ್ರಮವಾದ ಶಿಕ್ಷಣವನ್ನೇ ಪಡೆಯದ ಚಿತ್ರವಿದ್ಯೆಗೆ ಕೈಯಿಕ್ಕಿದರು. ಅಣ್ಣನ ಮಕ್ಕಳ ಸಾಲಿನವರಾದ ಅವನೀಂದ್ರನಾಥ, ಗಗನೇಂದ್ರನಾಥರು ಪ್ರಸಿದ್ಧ ಚಿತ್ರಕಾರರು. ಶಾಂತಿನಿಕೇತನದಲ್ಲಿ ರವೀಂದ್ರರೇ ಕಟ್ಟಿದ ಕಲಾಭವನದಲ್ಲಿ ನಂದಲಾಲ ಬೋಸರಂಥ ಆಚಾರ್ಯರಿದ್ದರು. ಆದರೂ ಅವರಾರ ಮಾರ್ಗವನ್ನೂ ಇವರು ಹಿಡಿಯಲಿಲ್ಲ.

1924ರಲ್ಲಿ ‘ಪೂರಬಿ’ ಎಂಬ ಕವನಸಂಗ್ರಹದ ಹಸ್ತಪ್ರತಿಯನ್ನು ತಿದ್ದುವಾಗ ಹೊಡೆದುಹಾಕಿದ ಪದಗಳನ್ನು ಒಂದಕ್ಕೊಂದು ಹೆಣೆಯುತ್ತ ಹೋದಂತೆ, ಪಕ್ಷಿಯೋ ಮೃಗವೋ ಎಂದು ನಿಶ್ಚಯಿಸಲಾಗದ ಆಕೃತಿಗಳು ಮೂಡಿದವು. ಅರ್ಜೆಂಟೀನಾದಲ್ಲಿ ಕವಿಗೆ ಆತಿಥ್ಯವಿತ್ತ ವಿಕ್ಟೋರಿಯಾ ಒಕಾಂಪೊ ಎಂಬ ವಿದುಷಿಯು ಅವನ್ನು ಕಂಡು ಮೆಚ್ಚಿದರು. 1930ರ ಮೇ ತಿಂಗಳಲ್ಲಿ ಪ್ಯಾರಿಸಿನ ಪಿಗಾಲ್ ಗ್ಯಾಲರಿಯಲ್ಲಿ ಕವಿಯ ಚಿತ್ರಗಳ ಪ್ರದರ್ಶನವು ನಡೆದುದೂ ಒಕಾಂಪೊ ಅವರ ಪ್ರಯತ್ನದಿಂದಲೇ.

ಜನರು ಬೆರಗಾದುದು ವಿಚಿತ್ರ ಮೃಗಗಳಿಗೆ, ಮುಖವಾಡದಂಥ ಮುಖಗಳಿಗೆ. ನನಗಾದರೋ ಆಮೇಲಿನ ವರ್ಷಗಳ ನಿಸರ್ಗಚಿತ್ರಗಳೇ ಹಿರಿಯವೆಂದು ತೋರುತ್ತವೆ. ಬಣ್ಣದ ಮಸಿಯೇ ಇವುಗಳ ಮುಖ್ಯ ಸಾಮಗ್ರಿ. ಕುಂಚವನ್ನರಸುವ ತಾಳ್ಮೆಯಿಲ್ಲದಾಗ ಬೆರಳು, ಬಟ್ಟೆಯ ಚೂರು, ಕೈಗೆ ಸಿಕ್ಕಿದುದೇ ಉಪಕರಣ. ಮಸಿಯು ಪಾರದರ್ಶಕವಾದುದರಿಂದ, ಮೊದಲು ಹರಡಿದ ಹಳದಿಯ ಮೇಲೆ ಕಂದು ಕಪ್ಪುಗಳನ್ನು ಪದರಪದರವಾಗಿ ಹೇರಿದಾಗಲೂ ಕೆಳಗಣ ಬೆಳಕು ಸಾಯುವುದಿಲ್ಲ. ಕತ್ತಲೆಗಟ್ಟಿ ನಿಂತ ಮರಗಳ ಸಂದಿನಿಂದ ಆಕಾಶವು ಉರಿಯುವಂತೆ ಕಾಣುವ ರಹಸ್ಯವಿದು. ಕೆಂಪನ್ನು ಗುರುತಿಸುವಲ್ಲಿ ಅವರ ಕಣ್ಣು ಮಂದವಾಗಿತ್ತೆಂದು ಹೇಳುವವರುಂಟು. ಇರಬಹುದು, ಆದರೆ ಆ ಕತ್ತಲೆಯ ಗಾಂಭೀರ್ಯಕ್ಕೆ ನೇತ್ರವೈದ್ಯವು ಕಾರಣ ಹೇಳಲಾರದು.

ಆಷಾಢ ಶ್ರಾವಣಗಳಿಗೆ ಬೇರೆಬೇರೆ ಹಾಡು ಕಟ್ಟಿದ, ಕದಂಬ ಬಕುಳ ಶಾಲವೃಕ್ಷಗಳನ್ನು ಹೆಸರು ಹಿಡಿದು ಕರೆದ ಕವಿಯ ಚಿತ್ರದಲ್ಲಿ ಮರವು ಯಾವುದೆಂದು ತಿಳಿಯದು, ಋತುವೂ ತಿಳಿಯದು, ಹಲವೆಡೆ ಮನುಷ್ಯಸಂಚಾರವೂ ಇಲ್ಲ. ಪದಗಳಿಂದ ಜೀವಮಾನವಿಡೀ ಪ್ರಕೃತಿಯನ್ನು ಅಲಂಕರಿಸಿದವರು, ಪದಗಳ ಹಂಗು ತೊರೆದೊಡನೆ ಅದರ ಮೌನಕಠೋರವಾದ ಮುಖವನ್ನು ಕಂಡರೆಂದು ನನ್ನ ಊಹೆ. ಗೀತೆಗಳಲ್ಲಿ ದೊರೆವ ಸಾಂತ್ವನವು ಇಲ್ಲಿ ದೊರೆಯದು. ಚಿತ್ರಗಳಿಗೆ ಶೀರ್ಷಿಕೆಯನ್ನಿಡಲೂ ಅವರು ಸಾಮಾನ್ಯವಾಗಿ ಒಪ್ಪುತ್ತಿರಲಿಲ್ಲ.

ಎರಡು ಸಾವಿರಕ್ಕೂ ಮಿಕ್ಕ ಆ ಕೃತಿಗಳಲ್ಲಿ ಬಹುಭಾಗವು ಶಾಂತಿನಿಕೇತನದ ರವೀಂದ್ರಭವನದಲ್ಲಿಯೂ, ಕೆಲವು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿಯೂ ಇವೆ. ನೋಡಹೋಗುವವರು ಗೀತಾಂಜಲಿಯನ್ನು ಒಂದು ಗಳಿಗೆ ಮರೆತು ಹೋಗುವುದು ಲೇಸು.