ಏಳು ಸಾವಿರ ಪುಟಗಳ ಈರಮ್ಮ

ಬುರ್ರಕಥಾ ಈರಮ್ಮ 2014ರ ಆಗಸ್ಟ್ 12ರಂದು ತೀರಿಕೊಂಡರು. ಅವರ ಬಗ್ಗೆ ಬಂದ ವರದಿಗಳಲ್ಲಿ ಒಂದು ಲೆಕ್ಕ ಮತ್ತೆ ಮತ್ತೆ ಕಾಣಿಸಿಕೊಂಡಿತು: ಅವರಿಗೆ ಕಂಠಸ್ಥವಾಗಿದ್ದ ಜನಪದ ಕಾವ್ಯಗಳು 12; ಅಚ್ಚು ಹಾಕಿದರೆ 7,000 ಪುಟಗಳು. ಆ ಪುಟಗಳಲ್ಲಿ ಒಂದನ್ನಾದರೂ ಈರಮ್ಮ ತಾವೇ ಓದುವಂತಿರಲಿಲ್ಲ, ಏಕೆಂದರೆ ಅವರು ಅಕ್ಷರ ಕಲಿತವರಲ್ಲ. ಹಾಡಿನ ದೊಡ್ಡಸ್ತಿಕೆಯನ್ನು ನಂಬಬೇಕಾದರೆ ಓದುಬಲ್ಲ ನಮಗೆ ಪುಟಗಳ ಅಳತೆ ಬೇಕಾಯಿತು. ಕೇಳುತ್ತ ಕೂತವರ ಅಳತೆ ಬೇರೆ. ಅವರು ಕಥೆಯನ್ನು ಎಣಿಸುತ್ತಿದ್ದುದು ರಾತ್ರಿಗಳಲ್ಲಿ.

ಈರಮ್ಮನವರ ಊರು ಸಂಡೂರು ತಾಲ್ಲೂಕಿನ ದರೋಜಿ. ಹೊರಗಿನವರಿಗೆ ಕೆರೆಯಿಂದ, ಕರಡಿಧಾಮದಿಂದ ಪರಿಚಿತವಾದ ಊರು. ಕುರುಗೋಡಿನಿಂದ ಪಶ್ಚಿಮದ ಕಡೆಗೆ ಹೊರಟರೆ ಬಹಳ ದೂರವೇನಲ್ಲ. ಅವರ ಸಮುದಾಯ ಬುಡ್ಗಜಂಗಮ. ಊರೂರು ಅಲೆದು, ಕಥೆ ಹಾಡಿ, ವೇಷ ಕಟ್ಟಿ ಬದುಕಿದ ಅಲೆಮಾರಿಗಳು. ಮನೆಯೊಳಗಿನ ಮಾತು ತೆಲುಗು, ಕನ್ನಡದ ಊರಿನ ಮುಂದೆ ಹಾಡುವುದು ಕನ್ನಡ. 1953ರ ಅಕ್ಟೋಬರ್ 1ರವರೆಗೆ ಮದರಾಸು ರಾಜ್ಯದಲ್ಲಿದ್ದು ಆಮೇಲೆ ಮೈಸೂರಿಗೆ ಸೇರಿದ ಈ ಜಿಲ್ಲೆಯಲ್ಲಿ ಇದನ್ನು ಯಾರೂ ವಿಶೇಷವೆಂದು ಭಾವಿಸುವುದಿಲ್ಲ. 1930ರ ಸುಮಾರಿಗೆ ಹುಟ್ಟಿದ ಈರಮ್ಮ ಹಾಡನ್ನು ಕಲಿತದ್ದು ತಂದೆಯಿಂದ. ಮುಂದೆ ಮೇಳ ಕಟ್ಟಿದಾಗ ಜೊತೆಗೆ ನಿಂತವರು ಮನೆಯ ಹೆಂಗಸರೇ.

ಬುರ್ರಕಥೆಯ ಕಟ್ಟು ಸರಳವಾಗಿ ಕಾಣುತ್ತದೆ. ನಡುವೆ ಮುಖ್ಯ ಕಥೆಗಾರ, ಆಚೀಚೆ ಇಬ್ಬರು. ತಂಬೂರಿಯ ಶ್ರುತಿ, ಬೆರಳಿನ ಉಂಗುರದ ಝಣತ್ಕಾರ, ಪಕ್ಕದವರ ಸಣ್ಣ ಚರ್ಮವಾದ್ಯದ ಪೆಟ್ಟು. ನಡುವಿನವರು ಒಂದು ಸಾಲು ಎತ್ತಿದರೆ ಪಕ್ಕದವರು ಅದಕ್ಕೆ ಸೊಲ್ಲು ಕೊಡುತ್ತಾರೆ. ಕಥೆ ಬಿಗಿಯಾದಾಗ ಒಬ್ಬರು ಹಾಸ್ಯ ಮಾಡಿ ಸಡಿಲಿಸುತ್ತಾರೆ, ಊರಿನ ಗೌಡನನ್ನೋ ಸರ್ಕಾರವನ್ನೋ ಎಳೆದು ತಂದು ಕುಟುಕುತ್ತಾರೆ. ಆ ಪೆಟ್ಟು ಕೇವಲ ಅಲಂಕಾರವಲ್ಲ. ಮುಂದಿನ ಸಾಲನ್ನು ನೆನಪಿನಿಂದ ಎಳೆದು ತರುವ ಹಗ್ಗ ಅದು. ಲಯ ತಪ್ಪಿದರೆ ಕಥೆಯೂ ತಪ್ಪುತ್ತದೆ. 1930ರ ದಶಕದಲ್ಲಿ ಯುಗೊಸ್ಲಾವಿಯದ ಅನಕ್ಷರಸ್ಥ ಗಾಯಕರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡ ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಕಂಡುಕೊಂಡದ್ದು ಇದನ್ನೇ: ಇಂಥ ಗಾಯಕ ಬಾಯಿಪಾಠ ಒಪ್ಪಿಸುವುದಿಲ್ಲ, ಹಾಡುತ್ತಲೇ ಕಾವ್ಯ ಕಟ್ಟುತ್ತಾನೆ.

ಈರಮ್ಮ ಕಟ್ಟುತ್ತಿದ್ದ ಕಾವ್ಯಗಳಲ್ಲಿ ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿಯ ಕಥೆಗಳಿವೆ. ಕುಮಾರರಾಮ ಈ ನೆಲದವನೇ. ಕಂಪಿಲರಾಯನ ಮಗ, ದೆಹಲಿಯ ಸೈನ್ಯದೆದುರು 14ನೇ ಶತಮಾನದಲ್ಲಿ ಮಡಿದವನು. ನಂಜುಂಡ ಕವಿ ಅವನನ್ನು ಸಾಂಗತ್ಯದಲ್ಲಿ ಬರೆದ. ಆ ಕೃತಿಗೆ ಸಾಹಿತ್ಯ ಚರಿತ್ರೆಯಲ್ಲಿ ಸ್ಥಾನ ಸಿಕ್ಕಿತು. ಅದೇ ಕಥೆಯನ್ನು ಕಂಪ್ಲಿಯ ಸೀಮೆಯಲ್ಲೇ ಹಾಡಿಕೊಂಡು ಬಂದವರಿಗೆ ಸಿಕ್ಕಿದ್ದು ಮೊರದ ತುಂಬ ಜೋಳ.

ಆ ಜೋಳಕ್ಕೆ ಏನೆಂದು ಹೆಸರಿಡಬೇಕು? ಹಾಡಿದವರಿಗೆ ಅದು ಕೂಲಿ. ಕಾನೂನಿಗೆ ಹಾಗಲ್ಲ. 1959ರ ಮುಂಬೈ ಭಿಕ್ಷಾಟನೆ ತಡೆ ಕಾಯ್ದೆಯ ವ್ಯಾಖ್ಯೆಯಲ್ಲಿ, ಹಾಡುವ, ಕುಣಿಯುವ, ಭವಿಷ್ಯ ಹೇಳುವ ನೆಪದಲ್ಲಿ ಸಾರ್ವಜನಿಕ ಸ್ಥಳದಲ್ಲಿ ಕೈಯೊಡ್ಡುವುದೂ ಭಿಕ್ಷೆಯೇ. ಕರ್ನಾಟಕ ತನ್ನದೇ ಭಿಕ್ಷಾಟನೆ ನಿಷೇಧ ಕಾಯ್ದೆಯನ್ನು 1975ರಲ್ಲಿ ತಂದಿತು. ‘ನೆಪ’ ಎಂಬ ಆ ಒಂದು ಪದವನ್ನು ಗಮನಿಸಬೇಕು. ಸಭಾಭವನದಲ್ಲಿ ಟಿಕೆಟ್ ಕೊಟ್ಟು ಕೇಳಿದರೆ ಸಂಗೀತ, ಅಂಗಳದಲ್ಲಿ ಧಾನ್ಯ ಕೊಟ್ಟು ಕೇಳಿದರೆ ನೆಪ!

ಈರಮ್ಮನವರ ಓರಗೆಯ ಇನ್ನೊಬ್ಬ ಗಾಯಕಿಯ ಬದುಕು ಇಲ್ಲಿ ನೆನಪಾಗುತ್ತದೆ. ರೂತ್ ಬ್ರೌನ್ 1928ರಲ್ಲಿ ಅಮೆರಿಕದ ವರ್ಜೀನಿಯ ರಾಜ್ಯದ ಪೋರ್ಟ್ಸ್‌ಮತ್‌ನಲ್ಲಿ ಹುಟ್ಟಿದವರು. ತಂದೆ ಬಂದರಿನ ಕೂಲಿ. ಭಾನುವಾರ ಚರ್ಚಿನಲ್ಲಿ ಹಾಡಿಸುತ್ತಿದ್ದರು. ಒಬ್ಬರು ಎತ್ತಿದ್ದಕ್ಕೆ ಉಳಿದವರು ಸೊಲ್ಲು ಕೊಡುವ ಕ್ರಮ ಅಲ್ಲಿಯೂ ಇತ್ತು. ಕರಿಯರ ಹಾಡುಗಳ ತಟ್ಟೆಗಳನ್ನು ಅಲ್ಲಿನ ವ್ಯಾಪಾರಿಗಳು ‘ಜನಾಂಗದ ತಟ್ಟೆಗಳು’ ಎಂದೇ ಪಟ್ಟಿ ಮಾಡುತ್ತಿದ್ದರು. ಆ ಹೆಸರು ಮುಜುಗರ ತಂದಾಗ, 1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ‘ರಿದಮ್ ಅಂಡ್ ಬ್ಲೂಸ್’ ಎಂಬ ಪದವನ್ನು ಬಳಕೆಗೆ ತಂದಿತು. ಲಯ ಮತ್ತು ಅಳಲು ಎಂದು ನಾವು ಹೇಳಬಹುದೇನೋ. ಆ ಹೊಸ ಹೆಸರಿನ ಮೊದಲ ದೊಡ್ಡ ತಾರೆಗಳಲ್ಲಿ ರೂತ್ ಒಬ್ಬರು. 1950ರ ದಶಕದಲ್ಲಿ ಅವರ ಹಾಡುಗಳು ಎಷ್ಟು ಮಾರಾಟವಾದವೆಂದರೆ, ಅಟ್ಲಾಂಟಿಕ್ ಸಂಸ್ಥೆಯನ್ನು ‘ರೂತ್ ಕಟ್ಟಿದ ಮನೆ’ ಎಂದು ಕರೆಯುವುದು ರೂಢಿಯಾಯಿತು. 60ರ ದಶಕಕ್ಕೆ ಅಭಿರುಚಿ ಬದಲಾಯಿತು. ರೂತ್ ಮಕ್ಕಳನ್ನು ಸಾಕಲು ಮನೆಗೆಲಸ ಮಾಡಿದರು, ಶಾಲೆಯ ಬಸ್ ಓಡಿಸಿದರು. ಹಳೆಯ ಹಾಡುಗಳ ರಾಯಲ್ಟಿ ಕೇಳಿದರೆ, ಧ್ವನಿಮುದ್ರಣದ ಖರ್ಚಿನ ಬಾಬತ್ತು ನೀವೇ ನಮಗೆ ಬಾಕಿ ಎಂಬ ಉತ್ತರ ಬಂತು. ಅವರು ಸುಮ್ಮನಾಗಲಿಲ್ಲ. ಹೋವೆಲ್ ಬೆಗಲ್ ಎಂಬ ವಕೀಲರ ನೆರವಿನಿಂದ ವರ್ಷಗಟ್ಟಲೆ ಸೆಣಸಿದರು. 1988ರಲ್ಲಿ ಸಂಸ್ಥೆ ಆ ‘ಬಾಕಿ’ಯನ್ನು ಮನ್ನಾ ಮಾಡಿ ಹಿಂದಿನ ವರ್ಷಗಳ ರಾಯಲ್ಟಿ ಕೊಡಲು ಒಪ್ಪಿತು. ಅಷ್ಟೇ ಅಲ್ಲ, ಕಷ್ಟದಲ್ಲಿದ್ದ ಇತರ ಹಳೆಯ ಗಾಯಕರಿಗಾಗಿ ಹುಟ್ಟಿದ ರಿದಮ್ ಅಂಡ್ ಬ್ಲೂಸ್ ಪ್ರತಿಷ್ಠಾನಕ್ಕೂ ಹಣ ಕೊಟ್ಟಿತು. 2006ರಲ್ಲಿ ರೂತ್ ತೀರಿಕೊಂಡಾಗ ಅವರ ಹಾಡಿನಷ್ಟೇ ಈ ಹೋರಾಟದ ಹೆಸರೂ ಉಳಿದಿತ್ತು.

ಈರಮ್ಮನವರಿಗೆ ಮೊಕದ್ದಮೆ ಹೂಡಲು ಅಂಥ ಸಂಸ್ಥೆಯೇ ಇರಲಿಲ್ಲ. ಅವರಿಗೆ ಸಂದದ್ದು ಗೌರವ, ಅದೂ ಕಡಿಮೆಯದಲ್ಲ. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ. ವಿದ್ವಾಂಸರು ಅವರ ಕೆಲವು ಕಾವ್ಯಗಳನ್ನು ಬರೆದಿಳಿಸಿ ಅಚ್ಚಿಗೆ ತಂದರು. ಆ ಶ್ರಮವನ್ನು ಹಗುರಾಗಿ ಕಾಣುವಂತಿಲ್ಲ. ಅದಿಲ್ಲದಿದ್ದರೆ ನಮ್ಮಲ್ಲಿ ಬಹುಮಂದಿಗೆ ಅವರ ಹೆಸರೂ ತಿಳಿಯುತ್ತಿರಲಿಲ್ಲ. ಆದರೆ ಹಾಡು ಪುಸ್ತಕವಾದ ಕೂಡಲೇ ಅದರ ಒಡೆತನದ ಪ್ರಶ್ನೆ ಏಳುತ್ತದೆ. 1994ರ ತಿದ್ದುಪಡಿಯಿಂದ ನಮ್ಮ ಕೃತಿಸ್ವಾಮ್ಯ ಕಾಯ್ದೆ ಹಾಡುವವರಿಗೂ ಅವರ ಪ್ರದರ್ಶನದ ಮೇಲೆ ಹಕ್ಕು ನೀಡಿದೆ; 2012ರ ತಿದ್ದುಪಡಿ ವಾಣಿಜ್ಯ ಬಳಕೆಗೆ ರಾಯಲ್ಟಿಯ ಪಾಲನ್ನೂ ಸೇರಿಸಿತು. ಈ ಹಕ್ಕು ಧ್ವನಿಗೆ, ದೃಶ್ಯಕ್ಕೆ. ಮುದ್ರಿತ ಪಠ್ಯಕ್ಕೆ ಬಂದರೆ ಕಾನೂನು ‘ಕರ್ತೃ’ ಯಾರೆಂದು ಕೇಳುತ್ತದೆ. ಜನಪದ ಕಾವ್ಯಕ್ಕೆ ಕರ್ತೃವಿಲ್ಲ ಎಂಬ ಮಾತನ್ನು ನಾವು ತರಗತಿಗಳಲ್ಲಿ ಬಹಳ ಅಭಿಮಾನದಿಂದ ಹೇಳಿಕೊಂಡು ಬಂದಿದ್ದೇವೆ. ಆ ಅಭಿಮಾನದ ಬೆಲೆಯನ್ನು ತೆತ್ತವರು ಹಾಡಿದವರು. ಹಾಡುತ್ತಲೇ ಕಟ್ಟುವುದು ಕರ್ತೃತ್ವವಲ್ಲದಿದ್ದರೆ ಮತ್ತೇನು?

ನಾಡೋಜ ಎಂಬುದು ಪಂಪನ ಬಿರುದು. ಓಜ ಎಂದರೆ ಗುರು; ನಾಡಿಗೆ ಗುರು. ಗುರುವೆಂದ ಮೇಲೆ ಶಿಷ್ಯರನ್ನೂ ಒದಗಿಸಬೇಕಲ್ಲವೆ? ತಂದೆಯಿಂದ ಮಗಳು ಕಲಿಯಲು ಇಬ್ಬರೂ ಒಂದೇ ಮೇಳದಲ್ಲಿ ವರ್ಷಾನುಗಟ್ಟಲೆ ಅಲೆಯಬೇಕಿತ್ತು. ಈಗಿನ ಮಕ್ಕಳು ಶಾಲೆಗೆ ಹೋಗುತ್ತಾರೆ. ಹೋಗಲೇಬೇಕು, ಕಲೆ ಉಳಿಯಲೆಂದು ಅವರು ಅಲೆಮಾರಿಗಳಾಗಿಯೇ ಇರಲಿ ಎನ್ನುವುದು ಕ್ರೌರ್ಯ. ಹಾಗಾದರೆ ಕಲಿಕೆಗೆ ಬೇರೆ ದಾರಿ ಬೇಕು, ಅದಕ್ಕೆ ಹಣ ಬೇಕು. ಬಳ್ಳಾರಿಗೆ ಹಣದ ಬಡತನವಿಲ್ಲ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲಿ ನೂರಾರು ಕೋಟಿ ರೂಪಾಯಿ ಸೇರಿದೆ. ಅದನ್ನು ಬಳಸಬಹುದಾದ ಬಾಬುಗಳಲ್ಲಿ ಶಿಕ್ಷಣ, ಕೌಶಲ್ಯ ತರಬೇತಿ ಎರಡೂ ಇವೆ. ಹೊಲಿಗೆ, ಕಂಪ್ಯೂಟರ್ ಕೌಶಲ್ಯವಾಗುವುದಾದರೆ ರಾತ್ರಿಯಿಡೀ ಒಂದು ಕಾವ್ಯವನ್ನು ಎತ್ತಿ ನಿಲ್ಲಿಸುವುದೇಕೆ ಆಗಬಾರದು? ಕುರುಗೋಡು, ಸಿರುಗುಪ್ಪ, ಸಂಡೂರುಗಳ ಪ್ರೌಢಶಾಲೆಗಳಲ್ಲಿ ವಾರಕ್ಕೆರಡು ಸಂಜೆ, ಬಲ್ಲವರಿಗೆ ತಿಂಗಳ ಸಂಬಳ ಕೊಟ್ಟು ಮಕ್ಕಳಿಗೆ ಹಾಡು ಕಲಿಸುವುದಕ್ಕೆ ಹೊಸ ಕಟ್ಟಡವೂ ಬೇಡ, ಸಮಿತಿಯೂ ಬೇಡ.

ಕಲಿಯುವ ಮಕ್ಕಳಿಗೆ ಅಚ್ಚಾದ ಪುಸ್ತಕ ಅರ್ಧ ದಾರಿಯವರೆಗಷ್ಟೇ ಜೊತೆ ಬಂದೀತು. ಯಾವ ಸಾಲಿನಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಪೆಟ್ಟು ಜೋರಾಗಬೇಕು, ಕೇಳುವವರು ತೂಕಡಿಸಿದರೆ ಕಥೆಯನ್ನು ಎತ್ತ ತಿರುಗಿಸಬೇಕು ಎಂಬುದು ಆ ಪುಟಗಳಲ್ಲಿ ಇಲ್ಲ.